ಮೋಟಾರ್ ಚಾಲೂ, ವಾಲ್ವ್ ಬಂದ್: ಎಲ್ಲಾ ಮರೆತ ಚಿಪ್ ಮತ್ತು ಏನೂ ಗೊತ್ತಿರದ ಡ್ರೈವರ್

ರಾತ್ರಿ ಹನ್ನೊಂದೂವರೆಗೆ ಮಾಮಾನ ಫೋನ್ ಬಂತು. "ಅಳಿಯಾ, ನಿನ್ನ ಡಬ್ಬಿ ಮತ್ತ ಕೈ ಕೊಡ್ತು ನೋಡು. ಮೋಟಾರ್ ಚಾಲೂ ಅದ, ವಾಲ್ವ್ ಎಲ್ಲಾ ಬಂದ್ ಆಗ್ಯಾವ. ಮೇನ್ ಲೈನಿನ ಎಂಡ್ ಕ್ಯಾಪ್ ಹಾರಿ ಹೋಗ್ಯಾದ, ಬದುವಿನ ಮಗ್ಗಲಿಗೆ ಕೆರಿ ನಿಂತದ."

ನಾನು ಕಲಬುರಗಿಯ ಮನೆಯಲ್ಲಿ. ಹೊಲ ಇರುವುದು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ದಂಡೆ ಕಡೆ. ಕಬ್ಬು, ಡ್ರಿಪ್. ಲ್ಯಾಪ್‌ಟಾಪ್ ತೆಗೆದು ಹೊಲದ ಡಬ್ಬಿಗೆ, ಅಂದ್ರೆ ವಾಲ್ವ್ ತೆರೆದು ಮುಚ್ಚೋಕೆ ನಾನೇ ಕಟ್ಟಿದ ಕಂಟ್ರೋಲರಿಗೆ, ಲಾಗಿನ್ ಆದೆ. ಲಾಗ್ (ಡಬ್ಬಿ ತಾನು ಮಾಡಿದ್ದನ್ನು ಬರೆದಿಡೋ ದಿನಚರಿ) ಪ್ರಕಾರ ಮೂರನೇ ವಾಲ್ವ್ ತೆರೆದಿದೆ, ಎಲ್ಲಾ ಸರಿಯಾಗಿದೆ. ಹಾಗಂತ ಹೇಳಿದೆ. "ಹಂಗಂದ್ರ ನಿನ್ನ ಲಾಗ್ ಸುಳ್ಳ ಹೇಳ್ಲಾಕತ್ತದ. ನಾ ಇಲ್ಲೇ ನೀರಿನ್ಯಾಗ ನಿಂತೀನಿ" ಅಂದರು ಮಾಮಾ.

ಲಾಗ್ ಸುಳ್ಳು ಹೇಳುತ್ತಿರಲಿಲ್ಲ. ಅದಕ್ಕೆ ಗೊತ್ತೇ ಇರಲಿಲ್ಲ, ಅಷ್ಟೇ. ಇವೆರಡರ ನಡುವಿನ ವ್ಯತ್ಯಾಸ ಹಿಡಿಯೋಕೆ ನನಗೆ ಮೂರು ವಾರ ಹೋಯಿತು, ಮಧ್ಯೆ ಒಂದು ಸಲ "ಸರಿ ಮಾಡಿದೆ" ಅಂತ ಜಂಬದಿಂದ ಹೇಳಿ ಮತ್ತೊಂದು ಎಂಡ್ ಕ್ಯಾಪ್ (ಪೈಪಿನ ತುದಿಯ ಮುಚ್ಚಳ) ಹಾರಿಸಿದ್ದೂ ಆಯಿತು. ಆ ಮೂರು ವಾರದ ಕಥೆ ಇದು.

ಮೊದಲು ಡಬ್ಬಿಯೊಳಗೆ ಏನಿದೆ ಅಂತ ಹೇಳಿಬಿಡುತ್ತೇನೆ. ಒಂದು ರಾಸ್ಪ್‌ಬೆರಿ ಪೈ 3, ಅಂಗೈಯಗಲದ ಪುಟ್ಟ ಕಂಪ್ಯೂಟರ್. ಅದರಿಂದ ಎರಡು ಐ2ಸಿ ತಂತಿ (ಚಿಪ್ ಜೊತೆ ಮಾತಾಡೋ ದಾರಿ) ಹೊರಟು ಎಂಸಿಪಿ23017 ಅನ್ನೋ ಚಿಪ್‌ಗೆ ಹೋಗುತ್ತವೆ. 28 ಕಾಲಿನ ಹಳೇ ನಂಬಿಕಸ್ಥ ಚಿಪ್. 16 ಹೆಚ್ಚುವರಿ ಪಿನ್ ಕೊಡುತ್ತೆ, ಹೆಚ್ಚಿನವನ್ನು ಇನ್‌ಪುಟ್ ಮಾಡಬಹುದು (ಹೊರಗಿನದನ್ನು ಓದೋಕೆ), ಔಟ್‌ಪುಟ್ ಮಾಡಬಹುದು (ಹೊರಗಿನದನ್ನು ನಡೆಸೋಕೆ). ಎ ಕಡೆಯ ಎಂಟು ಪಿನ್ ಯುಎಲ್‌ಎನ್2803 ಅನ್ನೋ, ಕರೆಂಟಿನ ಹೊರೆ ಹೊರುವ ಚಿಪ್ ಮೂಲಕ ಎಂಟು ರಿಲೇಗೆ (ಕರೆಂಟಿನಿಂದ ನಡೆಯೋ ಸ್ವಿಚ್), ರಿಲೇಯಿಂದ ಕರೆಂಟ್ ಇದ್ದರೆ ಮಾತ್ರ ತೆರೆದಿರೋ 24 ವೋಲ್ಟ್ ಎಸಿ ಸೊಲೆನಾಯ್ಡ್ ವಾಲ್ವ್‌ಗಳಿಗೆ. ಬಿ ಕಡೆ ಒಂದೇ ಒಂದು ಪಿನ್‌ಗೆ ಪ್ರೆಷರ್ ಸ್ವಿಚ್. ಲೈನಿನಲ್ಲಿ ಒತ್ತಡ ಏರಿದರೆ ಸ್ವಿಚ್ ಕೂಡುತ್ತೆ, ಚಿಪ್ ಇಂಟರಪ್ಟ್ (ತಕ್ಷಣ ಇತ್ತ ನೋಡು ಅನ್ನೋ ಸಂಕೇತ) ಕೊಡುತ್ತೆ, ಪೈ ತನ್ನದೇ ಬೇರೆ ಪಿನ್ನಿನಿಂದ ಸ್ಟಾರ್ಟರ್ ಟ್ರಿಪ್ ಮಾಡುತ್ತೆ. ಅಂದ್ರೆ ಎಂಡ್ ಕ್ಯಾಪ್ ಹಾರಬಾರದಾಗಿತ್ತು. ಹಾರಿತು. ಆ ಪ್ರಶ್ನೆ ನನ್ನ ತಲೆಗೆ ಬಂದಿದ್ದು ಬಹಳ ತಡವಾಗಿ.

ಕರೆಂಟಿನ ಕಥೆಯೂ ಮುಖ್ಯ. ಪೈಗೆ ಬ್ಯಾಟರಿ ಇರುವ ಪುಟ್ಟ ಯುಪಿಎಸ್ ಬೇರೆ. ರಿಲೇ ಬೋರ್ಡಿಗೆ ಅಗ್ಗದ 5 ವೋಲ್ಟ್ ಪವರ್ ಸಪ್ಲೈ, ಅಂದ್ರೆ ಎಸ್‌ಎಂಪಿಎಸ್ ಬೇರೆ, ಅದರಿಂದಲೇ ಎಎಂಎಸ್1117 ರೆಗ್ಯುಲೇಟರ್ ಹಾಕಿ ಚಿಪ್‌ಗೆ 3.3 ವೋಲ್ಟ್ ಮಾಡಿಕೊಂಡಿದ್ದೆ. ರಿಲೇ ಹೊರೆ ಪೈ ಮೇಲೆ ಬೀಳದಿರಲಿ ಅಂತ ಬುದ್ಧಿವಂತಿಕೆ ತೋರಿಸಿದ್ದು. ತಪ್ಪಿನ ಬೀಜ ಅಲ್ಲೇ ಬಿದ್ದಿತ್ತು.

ಡ್ರೈವರ್, ಅಂದ್ರೆ ಚಿಪ್ಪನ್ನು ನಡೆಸೋ ಪ್ರೋಗ್ರಾಂ, ಕೂಡ ನನ್ನದೇ. ಪೈ ನಡೆಸೋ ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲಿ ಈ ಚಿಪ್‌ಗೆ ಡ್ರೈವರ್ ಇದ್ದೇ ಇದೆ, ಅದನ್ನೇ ಬಳಸಿದ್ದರೆ ಆಗುತ್ತಿತ್ತು. ಆದರೆ ವಾಲ್ವ್, ಪ್ರೆಷರ್ ಸ್ವಿಚ್ ಎರಡೂ ಒಂದೇ ಕಡೆ ಇರಲಿ ಅಂತ, ಅದಕ್ಕಿಂತ ಜಾಸ್ತಿ ಕಲಿಯೋ ಹುಚ್ಚಿಗೆ, ನಾನೇ ಸುಮಾರು ನಾನೂರು ಸಾಲಿನ ಮಾಡ್ಯೂಲ್ (ಕರ್ನಲ್ಲಿಗೆ ಸೇರಿಸೋ ತುಂಡು) ಬರೆದಿದ್ದೆ. ಹಾಗಾಗಿ ಬೈಯೋಕೆ ಬೇರೆ ಯಾರೂ ಇಲ್ಲ.

ಶನಿವಾರ ಬಸ್ ಹತ್ತಿದೆ. ಚೌಡಾಪುರ ಕ್ರಾಸ್‌ನಲ್ಲಿ ಇಳಿದು ಚಹಾ ಕುಡಿದು, ಮಾಮಾನ ಬೈಕ್ ಮೇಲೆ ಹೊಲಕ್ಕೆ. ಮೊದಲು ಅನುಮಾನ ಹೋಗಿದ್ದು ಇಲಿ ಮೇಲೆ. ಎರೆ ಹೊಲದಲ್ಲಿ ಇಲಿ ವೈರ್ ಕಡಿಯೋದು ಹೊಸದಲ್ಲ. ಆಮೇಲೆ ರಿಲೇ ಮೇಲೆ. ಎಲ್ಲಾ ವೈರ್ ಮೀಟರ್ ಹಿಡಿದು ನೋಡಿದೆ, ಸರಿ ಇದ್ದವು. ಮಾಮಾನ ಹೊಲ ನೋಡಿಕೊಳ್ಳುವ ಹುಡುಗ ಆಗ ಹೇಳಿದ: "ಅಣ್ಣಾ, ಈ ಹಿಂದೂ ಮೂರು ಸಲ ಹಿಂಗೇ ಆಗಿತ್ತು. ಪೈ ಬಂದ್ ಮಾಡಿ ಚಾಲೂ ಮಾಡಿದ್ರ ಸುದ್ದ ಆಗ್ತಿತ್ತು." ಮೂರು ಸಲ! ನನಗೆ ಯಾರೂ ಹೇಳಿರಲಿಲ್ಲ. ರೀಬೂಟ್ ಮಾಡಿದರೆ ಸರಿಹೋಗೋ ಕಾಯಿಲೆ ಯಾವತ್ತೂ ಸಾಫ್ಟ್‌ವೇರ್ ಕಡೆಗೇ ಬೆರಳು ತೋರಿಸುತ್ತೆ ಅಂತ ನಾನು ಅಂದುಕೊಂಡೆ. ಅರ್ಧ ಮಾತ್ರ ಸರಿ.

ತ್ರೀ ಫೇಸ್ ಬರೋದು ಸಂಜೆ. ಅಲ್ಲಿತನಕ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಬೇವಿನ ಗಿಡದ ಕೆಳಗೆ ಒಂದು ನಿದ್ದೆ.

ಕರೆಂಟ್ ಬಂದ ಮೇಲೆ ಮೂರನೇ ವಾಲ್ವ್ ತೆರೆದೆ. ರಿಲೇ ಟಿಕ್ ಅಂತು, ಅದರ ಎಲ್‌ಇಡಿ ಹತ್ತಿತು. ಮಾಮಾ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದರು. ಏಳೂವರೆ ಎಚ್‌ಪಿ ಮೋಟಾರ್, ನೇರ ಡಿಓಎಲ್ ಸ್ಟಾರ್ಟರ್. ಇಂಥ ಮೋಟಾರ್ ಏಳುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ಸ್ಟಾರ್ಟರಿನೊಳಗಿನ ದೊಡ್ಡ ಸ್ವಿಚ್, ಕಾಂಟ್ಯಾಕ್ಟರ್, ಧಡ್ ಅಂತು, ಶೆಡ್ಡಿನ ಬಲ್ಬ್ ಒಂದು ಕ್ಷಣ ಕೆಂಪಗೆ ಕುಗ್ಗಿ ಮತ್ತೆ ಬೆಳಗಿತು. ಏನೂ ಆಗಲಿಲ್ಲ. ಮೋಟಾರ್ ನಿಲ್ಲಿಸಿ ಮತ್ತೆ ಒತ್ತಿದರು. ಏನೂ ಇಲ್ಲ. ಐದನೇ ಸಲಕ್ಕೆ ರಿಲೇಯ ಎಲ್‌ಇಡಿ ಆರಿಹೋಯಿತು. ಪೈ ಮೇಲಿನ ದೀಪ ಮಾತ್ರ ಕದಲಲಿಲ್ಲ. ಅದಕ್ಕೆ ಯುಪಿಎಸ್ ಇದೆಯಲ್ಲ. "ಮಾಮಾ, ಮೋಟಾರ್ ಬಂದ್ ಮಾಡ್ರಿ, ಜಲ್ದಿ!" ಅಂತ ಕೂಗಿದೆ.

ಈಗ ಏನೂ ಮುಟ್ಟದೆ ಪೈ ಒಳಗೆ ನೋಡಬೇಕು. ತಂತಿ ಮೇಲೆ ಯಾವ ಚಿಪ್ ಇದೆ ಅಂತ ನೋಡೋ ಐ2ಸಿ ಡಿಟೆಕ್ಟ್ ಓಡಿಸಿದೆ. ನನ್ನ ಚಿಪ್ಪಿನ ಹೆಕ್ಸ್ 20 (ಹದಿನಾರರ ಲೆಕ್ಕದ ಸಂಖ್ಯೆ) ವಿಳಾಸದ ಜಾಗದಲ್ಲಿ "ಯುಯು" ಅಂತ ತೋರಿಸಿತು. ಬಹಳ ಜನ ಇದನ್ನು ನೋಡಿ ಚಿಪ್ ಜೀವಂತ ಇದೆ ಅಂದುಕೊಳ್ಳುತ್ತಾರೆ. ಹಾಗಲ್ಲ. "ಆ ವಿಳಾಸ ಒಂದು ಡ್ರೈವರ್ ಕೈಯಲ್ಲಿದೆ, ಅದಕ್ಕೆ ನಾನು ಚಿಪ್ಪನ್ನು ಮಾತಾಡಿಸಲೇ ಇಲ್ಲ" ಅನ್ನೋದು ಅದರ ಅರ್ಥ. ಮುಂದೆ ಕರ್ನಲ್ ಒಳಗಿನ ಸ್ಥಿತಿ ತೋರಿಸೋ ಡೀಬಗ್‌ಎಫ್‌ಎಸ್ ಒಳಗೆ ಹೋಗಿ, ರೆಗ್‌ಮ್ಯಾಪ್ ಫೋಲ್ಡರಿನಲ್ಲಿ ನನ್ನ ಚಿಪ್ಪಿನ ರಿಜಿಸ್ಟರ್ (ಚಿಪ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳೋ ಪುಟ್ಟ ಖಾನೆ) ಪಟ್ಟಿ ತೆರೆದೆ. ಎ ಕಡೆಯ ದಿಕ್ಕಿನ ರಿಜಿಸ್ಟರ್ 00, ಅಂದ್ರೆ ಎಂಟೂ ಪಿನ್ ಔಟ್‌ಪುಟ್. ಔಟ್‌ಪುಟ್ ಲ್ಯಾಚ್ (ಯಾವ ಪಿನ್ ಚಾಲೂ ಅನ್ನೋ ರಿಜಿಸ್ಟರ್) 04, ಅಂದ್ರೆ ಮೂರನೇ ವಾಲ್ವ್ ಚಾಲೂ. ಎಲ್ಲಾ ಬರೋಬರ್.

ಸುಮ್ನೆ ಇನ್ನೊಂದು ದಾರಿಯಿಂದ ಕೇಳೋಣ ಅಂತ ಐ2ಸಿ ಗೆಟ್‌ಗೆ ಬಲವಂತದ ಆಯ್ಕೆ ಕೊಟ್ಟು, ಡ್ರೈವರ್ ದಾಟಿ ನೇರ ಚಿಪ್ಪನ್ನೇ ಕೇಳಿದೆ. ದಿಕ್ಕಿನ ರಿಜಿಸ್ಟರ್: ಎಫ್‌ಎಫ್. ಲ್ಯಾಚ್: 00.

ಒಂದೇ ಚಿಪ್, ಎರಡು ಉತ್ತರ.

ಎಫ್‌ಎಫ್ ಅಂದ್ರೆ ಎಂಟೂ ಪಿನ್ ಇನ್‌ಪುಟ್. ಎಂಸಿಪಿ23017 ಕರೆಂಟ್ ಬಂದಾಗ, ಅಥವಾ ರಿಸೆಟ್ ಕಾಲು ಕೆಳಗೆ ಎಳೆದಾಗ, ಇದೇ ಸ್ಥಿತಿಗೆ ಬರುತ್ತೆ: ದಿಕ್ಕಿನ ಎರಡು ರಿಜಿಸ್ಟರ್ ಎಫ್‌ಎಫ್, ಉಳಿದದ್ದೆಲ್ಲಾ ಸೊನ್ನೆ. ಅಂದರೆ ಮೋಟಾರ್ ಎದ್ದ ಆ ಕ್ಷಣದಲ್ಲಿ ಚಿಪ್ ಕಣ್ಣು ಮುಚ್ಚಿ ತೆರೆದಿದೆ. ಪೈ ಎಚ್ಚರವಾಗೇ ಇತ್ತು, ಅದಕ್ಕೆ ಏನೂ ಗೊತ್ತಾಗಿಲ್ಲ.

ಹಾಗಾದರೆ ಡೀಬಗ್‌ಎಫ್‌ಎಸ್ ಯಾಕೆ ಹಳೇ ಕಥೆ ಹೇಳಿತು? ರೆಗ್‌ಮ್ಯಾಪ್ ಅನ್ನೋದು ಲಿನಕ್ಸ್‌ಗೆ 2011ರಲ್ಲಿ, 3.1 ಕರ್ನಲ್ ಜೊತೆ ಬಂದ, ಡ್ರೈವರ್ ಮತ್ತು ಚಿಪ್ ನಡುವಿನ ಒಂದು ಪದರ. ಸೌಂಡ್ ಚಿಪ್‌ಗಳ ಡ್ರೈವರ್ ಬರೆಯುವವರ ಅಡುಗೆಮನೆಯಲ್ಲಿ ಹುಟ್ಟಿದ್ದು. ಐ2ಸಿ ನಿಧಾನ. ಒಂದೊಂದು ಪ್ರಶ್ನೆಗೂ ತಂತಿ ಮೇಲೆ ಹೋಗಿ ಬರೋದು ದಂಡ. ಹಾಗಾಗಿ ರೆಗ್‌ಮ್ಯಾಪ್ ತಾನು ಬರೆದದ್ದನ್ನೆಲ್ಲಾ ಒಂದು ನಕಲು ಇಟ್ಟುಕೊಂಡಿರುತ್ತೆ, ಕ್ಯಾಶ್ ಅಂತ. ಓದು ಅಂದರೆ ನಕಲು ನೋಡಿ ಹೇಳುತ್ತೆ. ಕಿರಾಣಿ ಅಂಗಡಿಯವನು ಖಾತೆ ಪುಸ್ತಕ ನೋಡಿ "ಗೋದಾಮಿನಲ್ಲಿ ಹತ್ತು ಚೀಲ ಇದೆ" ಅಂದಂಗೆ. ರಾತ್ರಿ ಗೋದಾಮು ಖಾಲಿಯಾಗಿದ್ದರೂ ಪುಸ್ತಕದಲ್ಲಿ ಹತ್ತೇ.

ಇದರಲ್ಲಿ ಇನ್ನೊಂದು ಕುತ್ತು ಇದೆ, ನನಗೆ ಬಹಳ ಹೊತ್ತು ತಲೆ ತಿಂದದ್ದು ಅದೇ. ನಾನು ವೆಬ್ ಪೇಜಿನಿಂದ ಮೂರನೇ ವಾಲ್ವ್ ಮುಚ್ಚಿ, ಮತ್ತೆ ತೆರೆ ಅಂದೆ. ಆಗಲೂ ತೆರೆಯಲಿಲ್ಲ. ಯಾಕೆ? ಪಿನ್ನಿಗೆ ಬೆಲೆ ಬರೆಯುವಾಗ ಡ್ರೈವರ್ ಲ್ಯಾಚ್ ಬದಲಿಸುತ್ತೆ, ಅದು ನಿಜಕ್ಕೂ ಚಿಪ್ಪಿಗೆ ಹೋಗುತ್ತೆ. ಆದರೆ "ಈ ಪಿನ್ ಔಟ್‌ಪುಟ್ ಮಾಡು" ಅಂತ ಕೇಳಿದಾಗ ರೆಗ್‌ಮ್ಯಾಪ್ ಅಪ್‌ಡೇಟ್ ಬಿಟ್ಸ್ ಅನ್ನೋ ಫಂಕ್ಷನ್ ಮೊದಲು ತನ್ನ ನಕಲು ನೋಡುತ್ತೆ. ನಕಲಿನಲ್ಲಿ ಆಗಲೇ ಔಟ್‌ಪುಟ್ ಅಂತಿದೆ. ಬದಲಾವಣೆ ಇಲ್ಲ ಅಂತ ಬರೆಯೋದನ್ನೇ ಬಿಟ್ಟುಬಿಡುತ್ತೆ. ಚಿಪ್ ಇನ್‌ಪುಟ್ ಆಗೇ ಉಳಿಯುತ್ತೆ. ನೀವು ನೂರು ಸಲ ಕೇಳಿ, ನೂರು ಸಲವೂ "ಆಗಿದೆ" ಅನ್ನುತ್ತೆ, ತಪ್ಪೂ ತೋರಿಸಲ್ಲ. ರೀಬೂಟ್ ಮಾಡಿದರೆ ನಕಲು ಹೊಸದಾಗಿ ತಯಾರಾಗುತ್ತೆ, ಆಗ ನಿಜವಾಗಿ ಬರೆಯುತ್ತೆ, ಅದಕ್ಕೇ ಹುಡುಗನ ಔಷಧ ಕೆಲಸ ಮಾಡುತ್ತಿದ್ದದ್ದು.

ಇಂಥದ್ದು ಬರೀ ನನ್ನ ಡಬ್ಬಿಯ ಕಾಯಿಲೆ ಅಲ್ಲ. ನೆಟ್‌ವರ್ಕ್ ಕಾರ್ಡ್ ಸಿಕ್ಕಿಹಾಕಿಕೊಂಡಾಗ ಡ್ರೈವರ್ ಅದನ್ನು ರಿಸೆಟ್ ಮಾಡುತ್ತೆ. ಆಮೇಲೆ ಮ್ಯಾಕ್ ವಿಳಾಸ, ಮಲ್ಟಿಕಾಸ್ಟ್ ಫಿಲ್ಟರ್ (ಗುಂಪಿಗೆ ಕಳಿಸಿದ್ದರಲ್ಲಿ ಯಾವುದು ತಗೊಳ್ಳಬೇಕು ಅನ್ನೋ ಪಟ್ಟಿ), ವಿಲ್ಯಾನ್ ಪಟ್ಟಿ ಎಲ್ಲಾ ಮತ್ತೆ ತುಂಬಬೇಕು. ಮಲ್ಟಿಕಾಸ್ಟ್ ತುಂಬೋದು ಮರೆತರೆ ಮಜಾ ಇರುತ್ತೆ: ಸಾಮಾನ್ಯ ಪಿಂಗ್ ಹೋಗುತ್ತೆ, ಐಪಿವಿ6 ಮಾತ್ರ ಹೋಗಲ್ಲ, ಏನಾಗಿದೆ ನೋಡೋಣ ಅಂತ ಪ್ಯಾಕೆಟ್ ತೋರಿಸೋ ಟಿಸಿಪಿಡಂಪ್ ಹಾಕಿದ ಕೂಡಲೇ ಎಲ್ಲಾ ಸರಿ. ಯಾಕಂದ್ರೆ ಟಿಸಿಪಿಡಂಪ್ ಕಾರ್ಡನ್ನು ಎಲ್ಲಾ ಪ್ಯಾಕೆಟ್ ತಗೊಳ್ಳೋ ಮೋಡ್‌ಗೆ ಹಾಕುತ್ತೆ. ತೆಗೆದರೆ ಮತ್ತೆ ಹೋಯಿತು. ಡಾಕ್ಟರ್ ಮುಂದೆ ಕೂತಾಗ ಮಾಯವಾಗೋ ಹೊಟ್ಟೆನೋವು. ಆದರೆ ಅಲ್ಲಿ ಕನಿಷ್ಠ ರಿಸೆಟ್ ಮಾಡಿದ್ದು ಡ್ರೈವರೇ, ಅದಕ್ಕೆ ಗೊತ್ತಿರುತ್ತೆ. ನನ್ನ ಚಿಪ್ ಯಾರಿಗೂ ಹೇಳದೆ ರಿಸೆಟ್ ಆಗುತ್ತಿತ್ತು.

ಕಲಬುರಗಿಗೆ ವಾಪಸ್ ಬಂದು ಟೇಬಲ್ ಮೇಲೆ ಅದನ್ನೇ ಕಟ್ಟಿದೆ. ಮೋಟಾರ್ ಬೇಕಿಲ್ಲ. ಚಿಪ್ಪಿನ 18ನೇ ಕಾಲು ರಿಸೆಟ್. ಅದಕ್ಕೊಂದು ಜಂಪರ್ ವೈರ್ ಸಿಕ್ಕಿಸಿ ತುದಿಯನ್ನು ಗ್ರೌಂಡ್‌ಗೆ ಮುಟ್ಟಿಸಿದರೆ ಸಾಕು. ಒಂದು ಮೈಕ್ರೋಸೆಕೆಂಡ್ ಕೆಳಗಿದ್ದರೂ ಅದಕ್ಕೆ ಸಾಕು, ಕೈಯಿಂದ ಮುಟ್ಟಿಸೋದು ಅದಕ್ಕೆ ಯುಗ. ಪ್ರತಿ ಸಲವೂ ಅದೇ ಕಾಯಿಲೆ ಬಂತು. ಬೇಕಾದಾಗ ಬರೋ ಕಾಯಿಲೆ ಅರ್ಧ ವಾಸಿಯಾದಂತೆ.

ಎರಡು ಕೆಲಸ: ಚಿಪ್ ರಿಸೆಟ್ ಆಗಿದ್ದು ಗೊತ್ತಾಗಬೇಕು, ಗೊತ್ತಾದ ಮೇಲೆ ಮೊದಲಿನಂತೆ ತುಂಬಬೇಕು.

ಗೊತ್ತಾಗೋಕೆ ಒಂದು ಉಪಾಯ. ಹಿಂದೆ ಕಣದಲ್ಲಿ ಜೋಳದ ರಾಶಿ ಸುತ್ತ ಬೂದಿ ಗೆರೆ ಎಳೆಯುತ್ತಿದ್ದರಲ್ಲ, ರಾತ್ರಿ ಯಾರಾದರೂ ಕೈ ಹಾಕಿದರೆ ಗೆರೆ ಅಳಿಸಿರುತ್ತೆ, ಬೆಳಿಗ್ಗೆ ಗೊತ್ತಾಗುತ್ತೆ. ಈ ಚಿಪ್ಪಿನಲ್ಲಿ ಡೆಫ್‌ವ್ಯಾಲ್ ಅಂತ ಒಂದು ರಿಜಿಸ್ಟರ್ ಇದೆ. ಇಂಟರಪ್ಟ್ ಬರೋಕೆ ಪಿನ್ನಿನ ಬೆಲೆಯನ್ನು ಯಾವುದರ ಜೊತೆ ಹೋಲಿಸಬೇಕು ಅಂತ ಹೇಳೋದು ಅದರ ಕೆಲಸ. ಎ ಕಡೆ ನನಗೆ ಇಂಟರಪ್ಟೇ ಬೇಡ, ಹಾಗಾಗಿ ಆ ಕಡೆಯ ಡೆಫ್‌ವ್ಯಾಲ್ ಖಾಲಿ ಬಿದ್ದಿತ್ತು. ಅದರಲ್ಲಿ ಹೆಕ್ಸ್ 5ಎ ಬರೆದಿಟ್ಟೆ. ಅರ್ಧ ಸೆಕೆಂಡಿಗೊಮ್ಮೆ ಓದೋದು. 5ಎ ಇದ್ದರೆ ಗೆರೆ ಇದೆ. ಸೊನ್ನೆ ಬಂದರೆ ಯಾರೋ ಕೈ ಹಾಕಿದ್ದಾರೆ. ಕೋಡಿನಲ್ಲಿ ಆ ಫಂಕ್ಷನ್ ಹೆಸರೇ ಬೂದಿ ಗೆರೆ ಅಂತಿದೆ. ಒಂದು ಎಚ್ಚರ: ಈ ರಿಜಿಸ್ಟರನ್ನು ರೆಗ್‌ಮ್ಯಾಪ್‌ಗೆ ವೊಲಟೈಲ್ (ತಾನೇ ಬದಲಾಗಬಹುದು, ನಕಲು ನಂಬಬೇಡ) ಅಂತ ಹೇಳಬೇಕು, ಇಲ್ಲದಿದ್ದರೆ ಇದನ್ನೂ ಅದು ಖಾತೆ ಪುಸ್ತಕ ನೋಡಿಯೇ ಹೇಳುತ್ತೆ. ನಾನು ಮೊದಲ ಸಲ ಮರೆತೆ. ಹತ್ತು ನಿಮಿಷ ಜಂಪರ್ ಮುಟ್ಟಿಸುತ್ತಾ ಕೂತೆ, ಗೆರೆ ಅಳಿಸಲೇ ಇಲ್ಲ.

ತುಂಬೋದಕ್ಕೆ ರೆಗ್‌ಮ್ಯಾಪ್‌ನಲ್ಲೇ ತಯಾರು ಸಾಮಾನು ಇದೆ. ರೆಗ್‌ಕ್ಯಾಶ್ ಮಾರ್ಕ್ ಡರ್ಟಿ ಅಂತ ಕರೆದರೆ "ನಕಲು ಸರಿ ಇದೆ, ಚಿಪ್ ಹಳೇದಾಗಿದೆ" ಅಂತ ಗುರುತು ಹಾಕಿಕೊಳ್ಳುತ್ತೆ. ಆಮೇಲೆ ರೆಗ್‌ಕ್ಯಾಶ್ ಸಿಂಕ್ ಅಂದರೆ ನಕಲಿನಲ್ಲಿರೋದನ್ನು ಚಿಪ್ಪಿಗೆ ಸುರಿಯುತ್ತೆ. ಎರಡು ಸಾಲು. ಐ2ಸಿ ಕೆಲಸ ಉತ್ತರಕ್ಕೆ ಕಾಯುತ್ತಾ ನಿದ್ದೆಗೆ ಹೋಗಬಹುದಾದ್ದರಿಂದ ಇದನ್ನು ಇಂಟರಪ್ಟ್ ಒಳಗೆ ಮಾಡೋ ಹಾಗಿಲ್ಲ, ಆಮೇಲೆ ಮಾಡೋ ಕೆಲಸಗಳ ಸಾಲಾದ ವರ್ಕ್‌ಕ್ಯೂಗೆ ಹಾಕಿದೆ. ಜಂಪರ್ ಮುಟ್ಟಿಸಿದೆ. ಎಲ್‌ಇಡಿ ಆರಿತು, ಅರ್ಧ ಸೆಕೆಂಡಿನಲ್ಲಿ ಮತ್ತೆ ಹತ್ತಿತು. ಇಪ್ಪತ್ತು ಸಲ ಮಾಡಿದೆ, ಇಪ್ಪತ್ತೂ ಸಲ ಹತ್ತಿತು. ಮಾಮಾಗೆ ಫೋನ್ ಹಚ್ಚಿ "ಆತು ಮಾಮಾ, ಇನ್ನ ಚಿಂತಿಲ್ಲ" ಅಂದೆ. ಹೊಸ ಮಾಡ್ಯೂಲನ್ನು ಮನೆಯಿಂದಲೇ ಹೊಲದ ಪೈಗೆ ಕಳಿಸಿ, ಹಳೇದು ತೆಗೆದು ಹೊಸದು ಹಾಕಿದೆ.

ನಾಲ್ಕನೇ ರಾತ್ರಿ ಎರಡನೇ ಎಂಡ್ ಕ್ಯಾಪ್ ಹಾರಿತು.

ಲಾಗ್‌ನಲ್ಲಿ ಸ್ಪಷ್ಟವಾಗಿ ಇತ್ತು: "ಗೆರೆ ಅಳಿಸಿದೆ, ಸಿಂಕ್ ಮಾಡಿದೆ, ಸಿಂಕ್ ಸರಿ". ಆದರೆ ಚಿಪ್ಪಿನ ದಿಕ್ಕಿನ ರಿಜಿಸ್ಟರ್ ಇನ್ನೂ ಎಫ್‌ಎಫ್. ಟೇಬಲ್ ಮೇಲೆ ಇಪ್ಪತ್ತು ಸಲ ಬದುಕಿದ್ದು ಹೊಲದಲ್ಲಿ ಯಾಕೆ ಸತ್ತಿತು? ಮಾಮಾ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಎರಡು ದಿನ ಕರ್ನಲ್ ಸೋರ್ಸ್ ಓದಿದೆ. ಉತ್ತರ ಮಾರ್ಕ್ ಡರ್ಟಿ ಒಳಗೇ ಇತ್ತು. ಅದು ಬರೀ "ಚಿಪ್ ಹಳೇದಾಗಿದೆ" ಅನ್ನಲ್ಲ. "ಚಿಪ್ ಈಗ ತನ್ನ ಡಿಫಾಲ್ಟ್ ಸ್ಥಿತಿಯಲ್ಲಿದೆ" ಅಂತ ನಂಬುತ್ತೆ. ಹಾಗಾಗಿ ಸಿಂಕ್ ಮಾಡುವಾಗ, ನಕಲಿನ ಬೆಲೆ ಡಿಫಾಲ್ಟ್ ಬೆಲೆಗೆ ಸಮ ಇದ್ದರೆ ಆ ರಿಜಿಸ್ಟರ್ ಬರೆಯೋದೇ ಇಲ್ಲ, ಹೇಗೂ ಚಿಪ್ಪಿನಲ್ಲಿ ಅದೇ ಇರುತ್ತಲ್ಲ ಅಂತ. ಒಳ್ಳೇ ಉಳಿತಾಯ. ಆದರೆ ಡಿಫಾಲ್ಟ್ ಅಂದ್ರೆ ಯಾವುದು? ಡ್ರೈವರ್ ಒಂದು ಪಟ್ಟಿ ಕೊಡಬೇಕು. ಸೋಮಾರಿತನಕ್ಕೆ ಪಟ್ಟಿ ಕೊಡದೆ, "ಶುರುವಾಗುವಾಗ ಚಿಪ್ಪಿನಿಂದಲೇ ಓದಿಕೋ" ಅನ್ನೋ ದಾರಿಯೂ ಇದೆ. ನಾನು ಸೋಮಾರಿ.

ಟೇಬಲ್ ಮೇಲೆ ನಾನು ಪ್ರತಿ ಸಲ ಎಲ್ಲಾ ವೈರ್ ಕಿತ್ತು ಹೊಸದಾಗಿ ಕರೆಂಟ್ ಕೊಡುತ್ತಿದ್ದೆ. ಚಿಪ್ ಹೊಸದಾಗಿ ಎದ್ದಿರುತ್ತಿತ್ತು, ಓದಿದ ಡಿಫಾಲ್ಟ್ ಎಫ್‌ಎಫ್, ಸರಿ. ಹೊಲದಲ್ಲಿ ಓಡುತ್ತಿದ್ದ ಚಿಪ್ ಮೇಲೆಯೇ ಮಾಡ್ಯೂಲ್ ಬದಲಿಸಿದೆ. ಹಳೇ ಮಾಡ್ಯೂಲ್ ಹೋಗುವಾಗ ಚಿಪ್ಪನ್ನು ಹಾಗೇ ಬಿಟ್ಟು ಹೋಗಿತ್ತು: ಎಂಟೂ ಪಿನ್ ಔಟ್‌ಪುಟ್. ಹೊಸ ಮಾಡ್ಯೂಲ್ ಬಂದು ಓದಿ, "ಓಹೋ, ಈ ಚಿಪ್ಪಿನ ಹುಟ್ಟುಗುಣವೇ 00" ಅಂದುಕೊಂಡಿತು. ನಿಜವಾದ ರಿಸೆಟ್ ಆದಾಗ ನಕಲಿನಲ್ಲಿ 00, ಡಿಫಾಲ್ಟ್ ಪಟ್ಟಿಯಲ್ಲೂ 00, ಬರೆಯೋ ಅಗತ್ಯವಿಲ್ಲ ಅಂತ ಬಿಟ್ಟುಬಿಟ್ಟಿತು. ಯಾವ ರಿಜಿಸ್ಟರ್ ಎಲ್ಲಕ್ಕಿಂತ ಬೇಕಿತ್ತೋ ಅದನ್ನೇ ಬಿಟ್ಟಿದ್ದು. ಪಕ್ಕಾ ನನ್ನ ತಪ್ಪು.

ಈ ಸಲ ಕೂತು ಇಡೀ ರಿಸ್ಟೋರ್ (ಚಿಪ್ಪನ್ನು ಮತ್ತೆ ತುಂಬೋ ಭಾಗ) ಮತ್ತೆ ಬರೆದೆ. ಡಿಫಾಲ್ಟ್ ಪಟ್ಟಿಯನ್ನು ಚಿಪ್ ಮಾಡಿದವರ ಡೇಟಾಶೀಟ್ ನೋಡಿ ಕೈಯಿಂದ ಬರೆದೆ. ರಿಸೆಟ್ ಕಾಲಿಗೆ ಪೈನಿಂದ ಒಂದು ತಂತಿ ಎಳೆದೆ, ಮಾಡ್ಯೂಲ್ ಶುರುವಾದ ಕೂಡಲೇ ಮೊದಲ ಕೆಲಸ ಚಿಪ್ಪನ್ನು ತಾನೇ ರಿಸೆಟ್ ಮಾಡೋದು. ಗೆರೆ ಅಳಿಸಿದ್ದು ಕಂಡರೂ ಅಷ್ಟೇ, ತುಂಬುವ ಮುಂಚೆ ಇನ್ನೊಮ್ಮೆ ನಾವೇ ರಿಸೆಟ್ ಮಾಡೋದು. ಹೇಗೂ ರಿಸೆಟ್ ಆಗಿರುವ ಚಿಪ್ಪನ್ನು ಮತ್ತೆ ಯಾಕೆ ಅನ್ನಬಹುದು. ಕಾರಣ ಇದೆ. ಚಿಪ್ಪಿನ 3.3 ವೋಲ್ಟ್ ಕುಸಿದಾಗಲೂ ಪೈ ಕಡೆಯ ಐ2ಸಿ ಪುಲ್‌ಅಪ್ ರೆಸಿಸ್ಟರ್‌ಗಳು ಎರಡು ತಂತಿಯನ್ನು ಮೇಲೆ ಹಿಡಿದೇ ಇರುತ್ತವೆ, ಅಲ್ಲಿಂದ ಚಿಪ್ ಒಳಗೆ ಸ್ವಲ್ಪ ಕರೆಂಟ್ ನುಸುಳುತ್ತೆ. ವೋಲ್ಟೇಜ್ ಪೂರ್ತಿ ಸೊನ್ನೆಗೆ ಇಳಿಯಲ್ಲ. ಪವರ್ ಆನ್ ರಿಸೆಟ್ ಖಾತ್ರಿಯಾಗಿ ಆಗಬೇಕಂದ್ರೆ ಸೊನ್ನೆಯಿಂದ ಏರಬೇಕು ಅಂತ ಡೇಟಾಶೀಟ್ ಹೇಳುತ್ತೆ. ಹಾಗಾಗಿ ಚಿಪ್ ಪೂರ್ತಿ ಸತ್ತು ಹುಟ್ಟಿದೆಯೋ, ಅರ್ಧ ಸತ್ತಿದೆಯೋ ಹೇಳೋಕಾಗಲ್ಲ. ಅರ್ಧ ಸತ್ತ ಚಿಪ್ ಮೇಲೆ ಡಿಫಾಲ್ಟ್ ಲೆಕ್ಕ ನಂಬಿ ಸಿಂಕ್ ಮಾಡೋದು ಮತ್ತೆ ಅದೇ ಗುಂಡಿಗೆ ಬಿದ್ದಂತೆ.

ತುಂಬೋ ಕ್ರಮವೂ ಸುಮ್ಮನೆ ಅಲ್ಲ. ಸಿಂಕ್ ರಿಜಿಸ್ಟರ್ ನಂಬರಿನ ಕ್ರಮದಲ್ಲಿ ಬರೆಯುತ್ತೆ. ಈ ಚಿಪ್ಪಿನಲ್ಲಿ ದಿಕ್ಕು 00ನೇ ನಂಬರು, ಲ್ಯಾಚ್ ಹೆಕ್ಸ್ 14. ಅಂದ್ರೆ ಮೊದಲು ಪಿನ್ ಔಟ್‌ಪುಟ್ ಆಗುತ್ತೆ, ಲ್ಯಾಚ್ ಇನ್ನೂ ಸೊನ್ನೆ, ಆಮೇಲೆ ಲ್ಯಾಚ್ ತುಂಬುತ್ತೆ. ನನ್ನ ಹೊಲದ ಬೋರ್ಡಿನಲ್ಲಿ ಸೊನ್ನೆ ಅಂದ್ರೆ ರಿಲೇ ಬಂದ್, ತೊಂದರೆ ಇಲ್ಲ. ಟೇಬಲ್ ಮೇಲೆ ಪರೀಕ್ಷೆಗೆ ಇಟ್ಟಿದ್ದು ಮಾರ್ಕೆಟ್ಟಿನಲ್ಲಿ ಸಿಗೋ ಎಂಟು ರಿಲೇಯ ನೀಲಿ ಬೋರ್ಡು, ಅದರಲ್ಲಿ ಸೊನ್ನೆ ಅಂದ್ರೆ ಚಾಲೂ! ಪ್ರತಿ ರಿಸ್ಟೋರ್‌ಗೂ ಎಂಟೂ ಎಲ್‌ಇಡಿ ಒಮ್ಮೆ ಮಿಣುಕುತ್ತಿದ್ದವು. 100 ಕಿಲೋಹರ್ಟ್ಜ್ ಐ2ಸಿಯಲ್ಲಿ ಒಂದು ಬರಹಕ್ಕೆ ಮೂರು ಬೈಟ್, ಹೆಚ್ಚುಕಡಿಮೆ 0.3 ಮಿಲಿಸೆಕೆಂಡ್, ಹಾಗಾಗಿ ರಿಲೇ ಎಳೆಯುವಷ್ಟು ಹೊತ್ತು ಸಿಗುತ್ತಿರಲಿಲ್ಲ. ಆದರೂ ಅದೃಷ್ಟದ ಮೇಲೆ ವಾಲ್ವ್ ನಡೆಸೋದು ನನಗೆ ಇಷ್ಟ ಇಲ್ಲ. ರೆಗ್‌ಕ್ಯಾಶ್ ಸಿಂಕ್ ರೀಜನ್ ಬಳಸಿ ಮೊದಲು ಲ್ಯಾಚ್ ಎರಡನ್ನೂ ತುಂಬಿ, ಆಮೇಲೆ ಉಳಿದದ್ದು ಮಾಡಿದೆ. ಮಿಣುಕು ನಿಂತಿತು. ಇದಿಷ್ಟಕ್ಕೂ ಒಂದೇ ಮ್ಯೂಟೆಕ್ಸ್ (ಬೀಗ), ಅರ್ಧ ತುಂಬಿದಾಗ ವೆಬ್ ಪೇಜಿನಿಂದ ಯಾರಾದರೂ ಇನ್ನೊಂದು ವಾಲ್ವ್ ಒತ್ತಿದರೆ ಕಾಯಬೇಕು. ಬೂದಿ ಗೆರೆ ಎಳೆಯೋದು ಎಲ್ಲಕ್ಕಿಂತ ಕೊನೆಗೆ. ತುಂಬುತ್ತಿರುವಾಗಲೇ ಚಿಪ್ ಮತ್ತೆ ಬಿದ್ದರೆ ಗೆರೆ ಇರಲ್ಲ, ಮುಂದಿನ ಅರ್ಧ ಸೆಕೆಂಡಿಗೆ ಮತ್ತೆ ಮೊದಲಿನಿಂದ ಶುರು.

ಈಗ ಪ್ರೆಷರ್ ಸ್ವಿಚ್‌ಗೆ ಬರುತ್ತೇನೆ. ಕ್ಯಾಪ್ ಹಾರೋ ಮುಂಚೆ ಅದು ಯಾಕೆ ಕೂಗಲಿಲ್ಲ? ಅದೂ ಅದೇ ಚಿಪ್ ಮೇಲಿತ್ತು, ಅದಕ್ಕೆ. ರಿಸೆಟ್ ಆದಾಗ ಇಂಟರಪ್ಟ್ ಎನೇಬಲ್ ರಿಜಿಸ್ಟರ್ ಸೊನ್ನೆ, ಪುಲ್‌ಅಪ್ ರಿಜಿಸ್ಟರ್ ಕೂಡ ಸೊನ್ನೆ. ಕಳ್ಳ ಬಂದ ರಾತ್ರಿಯೇ ನಾಯಿಗೂ ನಿದ್ದೆ. ಇದನ್ನು ತುಂಬಿದರೆ ಮುಗೀತು ಅಂದುಕೊಂಡಿದ್ದೆ, ಮುಗಿಯಲಿಲ್ಲ. ಈ ಚಿಪ್ ನಾನಿಟ್ಟ ಮೋಡ್‌ನಲ್ಲಿ ಪಿನ್ ಬದಲಾದಾಗ ಮಾತ್ರ ಇಂಟರಪ್ಟ್ ಕೊಡುತ್ತೆ. ಚಿಪ್ ಕುರುಡಾಗಿದ್ದ ಅರ್ಧ ಸೆಕೆಂಡಿನಲ್ಲಿ ಒತ್ತಡ ಏರಿ ಸ್ವಿಚ್ ಕೂಡಿದ್ದರೆ, ನಾವು ಇಂಟರಪ್ಟ್ ಮತ್ತೆ ಚಾಲೂ ಮಾಡೋ ಹೊತ್ತಿಗೆ ಅದು ಆಗಲೇ ಕೂಡಿದೆ. ಇನ್ನು ಬದಲಾವಣೆ ಇಲ್ಲ, ಇಂಟರಪ್ಟ್ ಬರಲ್ಲ, ಮೋಟಾರ್ ಓಡುತ್ತಲೇ ಇರುತ್ತೆ. ಹಾಗಾಗಿ ಇಂಟರಪ್ಟ್ ಚಾಲೂ ಮಾಡಿದ ಮೇಲೆ ಬಿ ಕಡೆಯ ಪಿನ್ ಒಮ್ಮೆ ಕೈಯಾರೆ ಓದಿ, ಸ್ವಿಚ್ ಕೂಡಿದ್ದರೆ ಇಂಟರಪ್ಟ್ ಬಂದಂತೆಯೇ ಅದೇ ಫಂಕ್ಷನ್ ಕರೆಯುತ್ತೇನೆ. ಟೇಬಲ್ ಮೇಲೆ ಸ್ವಿಚ್ ಒತ್ತಿ ಹಿಡಿದುಕೊಂಡೇ ಜಂಪರ್ ಮುಟ್ಟಿಸಿ ಪರೀಕ್ಷೆ ಮಾಡಿದೆ. ಎರಡು ಕೈ ಸಾಲಲಿಲ್ಲ, ಅವ್ವನ ಕೈಗೆ ಸ್ವಿಚ್ ಕೊಟ್ಟೆ.

ಒಂದು ತೀರ್ಮಾನ ಮಾಡಬೇಕಿತ್ತು: ರಿಸೆಟ್ ಆದದ್ದನ್ನು ಡ್ರೈವರ್ ಗುಟ್ಟಾಗಿ ಸರಿಮಾಡಿ ಸುಮ್ಮನಿರಬೇಕಾ? ನನ್ನ ಪ್ರಕಾರ ಬೇಡ. ಡ್ರೈವರಿನ ಮಾಹಿತಿ ಹೊರಗೆ ತೋರಿಸೋ ಸಿಸ್‌ಎಫ್‌ಎಸ್‌ನಲ್ಲಿ ಒಂದು ಎಣಿಕೆ ಇಟ್ಟೆ. ಪ್ರತಿ ರಿಸ್ಟೋರ್‌ಗೂ ಒಂದು ಕೂಡುತ್ತೆ, ಮೇಲಿನ ಪ್ರೋಗ್ರಾಂಗೆ ಸುದ್ದಿ ಹೋಗುತ್ತೆ, ಅದು ಮಾಮಾನ ಫೋನಿಗೆ ಮೆಸೇಜ್ ಕಳಿಸುತ್ತೆ. ಸದ್ದಿಲ್ಲದೆ ವಾಸಿ ಮಾಡಿಬಿಟ್ಟರೆ ಎಸ್‌ಎಂಪಿಎಸ್ ದಿನಾ ಸಾಯುತ್ತಿದ್ದರೂ ಯಾರಿಗೂ ಗೊತ್ತಾಗಲ್ಲ.

ಹಾರ್ಡ್‌ವೇರ್ ಕಡೆ ಜಾಸ್ತಿ ಹೇಳೋದಿಲ್ಲ. ಸೂಪರ್ ಮಾರ್ಕೆಟ್ ಕಡೆ ಮೋಟಾರ್ ವೈಂಡಿಂಗ್ ಮಾಡುವ ಮೇಸ್ತ್ರಿಯೊಬ್ಬರಿಗೆ ಕಥೆ ಹೇಳಿದೆ. ಅವರು ಪೂರ್ತಿ ಕೇಳೋ ಮುಂಚೆಯೇ "ಕಾಯಿಲಿಗೆ ಸ್ನಬ್ಬರ್ ಹಾಕೀಯಿಲ್ಲೋ?" ಅಂದರು. ಹಾಕಿರಲಿಲ್ಲ. ಸ್ನಬ್ಬರ್ ಅಂದ್ರೆ ಕಾಯಿಲ್ ಬಂದ್ ಆಗುವಾಗಿನ ವೋಲ್ಟೇಜ್ ಏಟು ತಗ್ಗಿಸೋ ಜೋಡಿ: ಕಾಂಟ್ಯಾಕ್ಟರ್ ಕಾಯಿಲಿಗೆ ಅಡ್ಡಲಾಗಿ 100 ಓಮ್ ರೆಸಿಸ್ಟರ್, ಜೊತೆಗೆ 0.1 ಮೈಕ್ರೋಫ್ಯಾರಡ್ ಎಕ್ಸ್2 ದರ್ಜೆಯ ಕೆಪಾಸಿಟರ್. ಅಗ್ಗದ ಎಸ್‌ಎಂಪಿಎಸ್ ಎಸೆದು ಸ್ವಲ್ಪ ದಪ್ಪನೆಯದು ಹಾಕಿದೆ. ಚಿಪ್ಪಿನ ಕಾಲಿಗೆ ಅಂಟಿದಂತೆ 100 ನ್ಯಾನೋಫ್ಯಾರಡ್, ರಿಸೆಟ್ ಕಾಲಿಗೆ ಹತ್ತಿರದಲ್ಲೇ 10 ಕಿಲೋ ಓಮ್ ಪುಲ್‌ಅಪ್. ಪೈನಿಂದ ಬಂದ ಉದ್ದ ತಂತಿಯನ್ನು ಬರೀ ಗಾಳಿಯಲ್ಲಿ ಬಿಟ್ಟಿದ್ದರೆ ಅದೇ ಆಂಟೆನಾ ಆಗುತ್ತಿತ್ತು. ಈ ಕೆಲಸ ಮೊದಲೇ ಮಾಡಿದ್ದರೆ ಡ್ರೈವರಿನ ತಪ್ಪು ಯಾವತ್ತೂ ಹೊರಗೆ ಬರುತ್ತಿರಲಿಲ್ಲ, ಅದಕ್ಕೇ ಬೇಕಂತಲೇ ಕೊನೆಗೆ ಮಾಡಿದೆ. ಮೊದಲು ಹಳೇ ಎಸ್‌ಎಂಪಿಎಸ್ ಇಟ್ಟುಕೊಂಡೇ ಹೊಸ ಮಾಡ್ಯೂಲ್ ಹೊಲದಲ್ಲಿ ಓಡಿಸಿದೆ.

ಆ ಸಂಜೆ ಮಾಮಾ ಮೂವತ್ತು ಸಲ ಮೋಟಾರ್ ಎಬ್ಬಿಸಿದರು, ಒಂದೊಂದರ ನಡುವೆ ಮೋಟಾರ್ ಬಿಸಿ ಆಗದಿರಲಿ ಅಂತ ಎರಡು ಮೂರು ನಿಮಿಷ ಬಿಟ್ಟು. ನಾನು ಮೊಬೈಲ್ ಟಾರ್ಚ್ ಹಿಡಿದು ಲಾಗ್ ನೋಡುತ್ತಾ ಕೂತಿದ್ದೆ. ನಾಲ್ಕು ಸಲ ಗೆರೆ ಅಳಿಸಿತು, ನಾಲ್ಕೂ ಸಲ ಎಲ್‌ಇಡಿ ಆರಿ, ಒಂದು ಉಸಿರು ತಗೊಳ್ಳೋದರೊಳಗೆ ಮತ್ತೆ ಹತ್ತಿತು. ವಾಲ್ವ್ ಮುಚ್ಚುವಷ್ಟು ಹೊತ್ತೇ ಸಿಗಲಿಲ್ಲ, ನೀರಿನ ಸಪ್ಪಳ ಕೂಡ ಬದಲಾಗಲಿಲ್ಲ. ಅದರಲ್ಲಿ ಒಂದು ಸಲ ಓದಿದಾಗ 5ಎ ಅಲ್ಲ, ಸೊನ್ನೆಯೂ ಅಲ್ಲ, ಐ2ಸಿ ದೋಷ ಬಂತು. ಚಿಪ್ ಉತ್ತರವೇ ಕೊಡಲಿಲ್ಲ. ಅರ್ಧ ಸತ್ತದ್ದು ಅದೇ ಇರಬೇಕು. ಮುಂದಿನ ಸುತ್ತಿನಲ್ಲಿ ರಿಸೆಟ್ ತಂತಿ ಎಳೆದ ಮೇಲೆ ಎದ್ದು ಕೂತಿತು.

ಹೊಸ ಎಸ್‌ಎಂಪಿಎಸ್, ಸ್ನಬ್ಬರ್ ಹಾಕಿದ ಮೇಲೆ ಎರಡು ತಿಂಗಳಾಯಿತು. ಸಿಸ್‌ಎಫ್‌ಎಸ್ ಎಣಿಕೆ ಒಂದಕ್ಕೆ ನಿಂತಿದೆ, ಅದೂ ನಾನೇ ಜಂಪರ್ ಮುಟ್ಟಿಸಿ ನೋಡಿದ್ದು. ಮಾಮಾಗೆ ಇದನ್ನೆಲ್ಲಾ ಬೂದಿ ಗೆರೆ ಹೆಸರಲ್ಲಿ ಹೇಳಿದಾಗ ಚೆನ್ನಾಗಿ ಅರ್ಥವಾಯಿತು, "ಹಂಗಂದ್ರ ಖರೇ ಸುದ್ದ ಆಗ್ಯಾದ" ಅಂದರು. ಆದರೆ ಹೋದ ಭಾನುವಾರ ಹೊಲಕ್ಕೆ ಹೋದಾಗ ನೋಡಿದೆ, ಮೇನ್ ಲೈನಿನ ಎಂಡ್ ಕ್ಯಾಪ್‌ಗೆ ಜಿಐ ತಂತಿ ನಾಲ್ಕು ಸುತ್ತು ಬಿಗಿದು ಕಲ್ಲಿಗೆ ಕಟ್ಟಿದ್ದಾರೆ. ಬಿಚ್ಚಲೇನು ಅಂತ ಕೇಳಿದೆ. "ಇರಲಿ ಬಿಡು" ಅಂದರು.